ಮುಂದಿನ ಚಾಪೆ

ಎರಡನೇ ಮಹಾಯುದ್ಧಕ್ಕೆ ನಮ್ಮೂರ ಮೆಥಡಿಸ್ಟ್ ಚರ್ಚಿನಿಂದ ಒಂಬತ್ತು ಜನ ಹೋದರು. ದೇಶಕ್ಕಾಗಿ ಅಲ್ಲ, ಪಗಾರ ಇತ್ತು, ಬೂಟು ಇತ್ತು, ಮಿಶನ್ ಸಾಹೇಬ ಹೋಗಿರಿ ಅಂದಿದ್ದ. ಕುಡಚಿಯಲ್ಲಿ ಅವರನ್ನು ರೈಲು ಹತ್ತಿಸಿ ಬಂದ ಸಾಹೇಬ ಒಂದು ಪದ್ಧತಿ ಹಾಕಿದ. ಪ್ರತಿ ಭಾನುವಾರ ಹೋದವರ ಹೆಸರು ಹೇಳಿ, ಸುಖರೂಪ ತಿರುಗಿ ಬರಲಿ ಎಂದು ಪ್ರಾರ್ಥಿಸುವುದು. ಅವರ ಮನೆಯ ಹೆಂಗಸರು ಮುಂದಿನ ಚಾಪೆಯ ಮೇಲೆ ಕೂಡುವುದು. ಗಂಡ ಬಂದರೆ ಹೆಂಡತಿ ನಡುವಿನ ಸಾಲಿಗೆ, ಸತ್ತನೆಂಬ ತಾರು ಬಂದರೆ ಬಾಗಿಲ ಹತ್ತಿರದ ವಿಧವೆಯರ ಸಾಲಿಗೆ.

ಎಂಟು ಮನೆಗೆ ಹೋದವನೋ ತಾರೋ ಬಂತು. ಅಕ್ಕುತಾಯಿಯ ಗಂಡ ತುಕಾರಾಮ ಬರಲಿಲ್ಲ, ತಾರೂ ಬರಲಿಲ್ಲ. ಬರ್ಮಾದಲ್ಲಿ ಕಾಣೆಯಾದ ಎಂದಷ್ಟೇ ಗೊತ್ತು. ಯುದ್ಧ ಮುಗಿಯಿತು, ಸಾಹೇಬ ತನ್ನ ದೇಶಕ್ಕೆ ಹೋದ, ಚರ್ಚಿನ ಹಂಚು ಎರಡು ಸಲ ಬದಲಾಯಿತು. ಅಕ್ಕುತಾಯಿ ಮುಂದಿನ ಚಾಪೆ ಬಿಡಲಿಲ್ಲ. ಹೊಸ ಪಾಸ್ಟರು ಬಂದಾಗಲೆಲ್ಲ ಹೋಗಿ, ಗಂಡನ ಹೆಸರು ಹೇಳಬೇಕೆಂದು ನೆನಪಿಸಿ ಬರುತ್ತಿದ್ದಳು. ಆ ಹೆಸರು ಬರುವ ಹೊತ್ತಿಗೆ ಕೆಲವರು ಆಕಳಿಸುತ್ತಿದ್ದರು.

೧೯೮೭ರಲ್ಲಿ, ನಮ್ಮ ಚರ್ಚಿನ ಸುಗಂಧಾಳ ಮಗ, ಸೈನ್ಯದಲ್ಲಿದ್ದ ದಶರಥನ ಪಲ್ಟಣಿಯನ್ನು ಶ್ರೀಲಂಕಾಕ್ಕೆ ಕಳಿಸಿದರು. ಪಾಸ್ಟರು ತುಕಾರಾಮನ ಹೆಸರಿನ ಹಿಂದೆ ಅವನದೂ ಹೇಳಿದರು. ಸುಗಂಧಾ ಮುಂದಿನ ಚಾಪೆಗೆ ಬರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ಅಕ್ಕುತಾಯಿಯನ್ನು ನಿಲ್ಲಿಸಿದಳು.

"ಕಾಕು, ಸಿಟ್ಟಾಗಬ್ಯಾಡ. ನನ್ನ ಮಗನ ಹೆಸರು ತುಕಾರಾಮ ಕಾಕಾನ ಹೆಸರಿನ ಜೋಡಿ ಬ್ಯಾಡ."

"ಯಾಕ ಬೇ?"

"ಆ ಹೆಸರು ಇಷ್ಟ ವರ್ಷ ಹೇಳಿದ್ರೂ ದೇವ್ರಿಗೆ ಮುಟ್ಟಿಲ್ಲ. ನನ್ನ ಮಗಂದೂ ಅದ್ರ ಹಿಂದ ಹೋಗಿ ಅಲ್ಲೇ ಉಳೀತೈತಿ."

"ದೇವ್ರೇನ್ ಪೋಸ್ಟಮನ್ ಏನ, ಎಲ್ಲಾ ಒಂದ ಚೀಲದಾಗ ತುಂಬಾಕ?"

ಸುಗಂಧಾ ನಗಲಿಲ್ಲ. "ರೇಡಿಯೋದಾಗ ದಿನಾ ಸತ್ತವರ ಸುದ್ದಿ ಹೇಳಾಕತ್ತಾರ."

"ಹಂಗಾದ್ರ ಅವಂದು ಮೊದಲ ಹೇಳಸು."

"ಮೊದಲ ಹೇಳಿದ್ರೂ ಇದು ಬೆನ್ನಿಗೆ ಇರತೈತೆಲ್ಲ."

ಅಕ್ಕುತಾಯಿ ಮನೆಗೆ ಹೋದಳು. ತುಕಾರಾಮ ಅವಳ ಜೊತೆ ಬಾಳಿದ್ದು ಒಂದು ಸುಗ್ಗಿ. ಮುಖ ಸರಿಯಾಗಿ ನೆನಪಿರಲಿಲ್ಲ. ಈಗ ಬಂದರೆ ಈ ಮುದುಕನಿಗೆ ರೊಟ್ಟಿ ಬಡಿಯುವವರು ಯಾರು ಎಂದು ಒಮ್ಮೊಮ್ಮೆ ಬೇಸರವೂ ಆಗಿತ್ತು. ಆದರೆ ಹೆಸರು ನಿಲ್ಲಿಸಿದರೆ ಅವನು ಸತ್ತ ಎಂದು ತಾನೇ ಹೇಳಿದಂತೆ. ಅಷ್ಟು ಮಾತು ಸರಕಾರವೂ ಹೇಳಿರಲಿಲ್ಲ.

ಮುಂದಿನ ಭಾನುವಾರ ಪಾಸ್ಟರು ಪ್ರಾರ್ಥನೆಗೆ ನಿಂತಾಗ ಅವಳು ಕೂತಲ್ಲಿಂದಲೇ ಅಂದಳು, "ನಮ್ಮ ಮನಿಯವರ ಹೆಸರು ಹೇಳಬ್ಯಾಡ್ರಿ."

"ಇವತ್ತಷ್ಟ ಏನ್ರಿ, ಅಕ್ಕುತಾಯವ್ವ?"

"ಇನ್ನ ಮ್ಯಾಲೆ."

ಮೊಣಕಾಲು ಹಿಡಿದು ಎದ್ದು ಬಾಗಿಲ ಕಡೆ ನಡೆದಳು. ವಿಧವೆಯರ ಸಾಲಿನ ಕಮಲಾಬಾಯಿ ಸರಿದು ಜಾಗ ಕೊಟ್ಟಳು. "ಬಂದಿ? ಕೂಡು. ಇಲ್ಲಿ ಗಾಳಿಯರೆ ಬರತೈತಿ."

ಕೂಡುವ ಮೊದಲು ಅಕ್ಕುತಾಯಿ ನಡುವಿನ ಸಾಲಿನತ್ತ ನೋಡಿದಳು.

"ಸುಗಂಧಾ, ಮುಂದ ಹೋಗಿ ಕೂಡು. ಎಡಕ್ಕ ಬ್ಯಾಡ. ಅಲ್ಲಿ ಚಾಪಿ ಹರದು ಕಡ್ಡಿ ಚುಚ್ಚತಾವ."

ಸುಗಂಧಾ ಎದ್ದು ಹೋದಳು. ಎಡಗಡೆ ಬಿಟ್ಟು ಕೂತಳು. ಪಾಸ್ಟರು ಒಂದೇ ಹೆಸರು ಹೇಳಿದರು.