ನಾಲಿಗೆಯಲ್ಲಿ ಉಳಿದದ್ದು

"ಮೊದಲು ಮೂಗಿಗೆ ಹಿಡೀಬೇಕಂತೆ ಮಾವ. ಒಂದೇ ಸಲ ನುಂಗ್ಬೇಡಿ," ಎಂದು ಶ್ರೀಕಂಠ ಮೆಲ್ಲಗೆ ಹೇಳುವಷ್ಟರಲ್ಲಿ ಚಂದ್ರಕಾಂತರು ಮೊದಲನೆಯ ಗ್ಲಾಸನ್ನು ಖಾಲಿ ಮಾಡಿಯಾಗಿತ್ತು. ಮೇಜಿನ ಸುತ್ತ ಕೂತಿದ್ದ ಜಪಾನೀಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ವಿಸ್ಕಿಯ ರುಚಿ ತೋರಿಸುತ್ತಿದ್ದ ಮೊರಿತಾ-ಸಾನ್ ತಾನೂ ನಕ್ಕು, ಬಗ್ಗಿ ವಂದಿಸಿ, ಆ ಗ್ಲಾಸಿಗೆ ಇನ್ನೆರಡು ಹನಿ ಬಿಟ್ಟಳು.

ಟೋಕಿಯೋದಿಂದ ರೈಲಿನಲ್ಲೂ ಆಮೇಲೆ ಬಸ್ಸಿನಲ್ಲೂ ಬರಬೇಕಾದ ಸಣ್ಣ ಭಟ್ಟಿ ಅದು. ವಾಸನೆ ಬೆರೆಯಬಾರದೆಂದು ಕೋಣೆಯ ಬಾಗಿಲು, ಕಿಟಕಿ ಎಲ್ಲ ಮುಚ್ಚಿದ್ದರು. ಈ ಜಾಗವನ್ನು ಆರಿಸಿದ್ದು ಶ್ರೀಕಂಠನೇ. ಹಿರಿಯ ನಾಗರಿಕರ ಪ್ರವಾಸದ ಗುಂಪಿನ ಜೊತೆ ಜಪಾನಿಗೆ ಬಂದಿದ್ದ ಮಾವ, "ಒಂದು ದಿನ ಗುಂಪು ಬಿಟ್ಟು ನಿಮ್ಮ ಜೊತೆ ಇರ್ತೀನಿ, ಸ್ವಲ್ಪ ಮಾತಾಡೋದಿದೆ" ಎಂದು ಫೋನಿನಲ್ಲಿ ಹೇಳಿದಾಗ ಅವನಿಗೆ ಟೋಕಿಯೋದ ಓಜಿಮಾದಲ್ಲಿದ್ದ ತನ್ನ ಖಾಲಿ ಫ್ಲ್ಯಾಟಿನಲ್ಲಿ ಅವರೆದುರು ಕೂರುವುದನ್ನು ಯೋಚಿಸಲೂ ಆಗಿರಲಿಲ್ಲ. ಅವರು ಅತ್ತರೆ? ಬೈದರೆ? ಅಪರಿಚಿತರ ನಡುವೆ ಕೂತರೆ ಎರಡಕ್ಕೂ ಅವಕಾಶ ಇರುವುದಿಲ್ಲ. ಮಾವನಿಗೆ ಮೈಸೂರಿನ ಕ್ಲಬ್ಬಿನಲ್ಲಿ ಶನಿವಾರದ ಎರಡು ಪೆಗ್ ಅಭ್ಯಾಸವಿದೆಯೆಂಬುದು ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಹೆಂಡತಿ ಲಾಸ್ಯಾ ಮೈಸೂರಿಗೆ, ತವರಿಗೆ ಹೋಗಿ ವರ್ಷವಾಗುತ್ತ ಬಂದಿತ್ತು. ಜಗಳವೇನೂ ಆಡಿರಲಿಲ್ಲ. ಕೊನೆಕೊನೆಗೆ ಅವರಿಬ್ಬರ ನಡುವೆ ಉಳಿದಿದ್ದ ಮಾತೆಂದರೆ ಪ್ಲಾಸ್ಟಿಕ್ ಕಸ ಹೊರಗಿಡುವ ದಿನ ಇವತ್ತೋ ನಾಳೆಯೋ ಎಂಬುದಷ್ಟೇ. ಬೇರೆಯಾಗೋಣ ಎಂದು ವಿಡಿಯೋ ಕಾಲ್‌ನಲ್ಲಿ ನಿರ್ಧರಿಸಿದ ಸಂಜೆ ಮಾತ್ರ ಇಬ್ಬರೂ ಎಷ್ಟೋ ವರ್ಷಗಳ ಮೇಲೆ ಮನಸ್ಸು ಬಿಚ್ಚಿ ಹರಟಿದ್ದರು. ಜನವರಿಯಲ್ಲಿ ಅವನು ಊರಿಗೆ ಹೋದಾಗ ಕೋರ್ಟಿಗೆ ಅರ್ಜಿ ಹಾಕುವುದೆಂದಾಗಿತ್ತು. ಅವತ್ತಿನಿಂದ ಶ್ರೀಕಂಠನಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು. ಅದನ್ನು ಯಾರಲ್ಲೂ ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಎರಡನೆಯ ಗ್ಲಾಸು ಮುಗಿದಾಗ ಚಂದ್ರಕಾಂತರು ಪಕ್ಕದಲ್ಲಿಟ್ಟಿದ್ದ ನೀರನ್ನು ಕುಡಿದು, "ವಿಸ್ಕಿಗಿಂತ ಈ ನೀರೇ ಚೆನ್ನಾಗಿದೆ ಕಣ್ರೀ," ಎಂದರು. ನೀರು ಸರಬರಾಜು ಮಂಡಳಿಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು ಅವರು. ಶ್ರೀಕಂಠ ಅದನ್ನು ಜಪಾನಿ ಭಾಷೆಗೆ ತಿರುಗಿಸಿ ಹೇಳಿದ. ಮೊರಿತಾ-ಸಾನ್, ಅದು ಹಿಂದಿನ ಬೆಟ್ಟದ ನೀರು ಎಂದು ಹೆಮ್ಮೆಯಿಂದ ಕೈ ತೋರಿಸಿದಳು. ಮುಚ್ಚಿದ ಕಿಟಕಿಯ ಆಚೆ ಬೆಟ್ಟ ಕಾಣುತ್ತಿರಲಿಲ್ಲ.

ಮೂರನೆಯದಕ್ಕೆ ಅವಳು ದನಿ ತಗ್ಗಿಸಿದಳು. ಇದು ರೈ ಧಾನ್ಯದಿಂದ ಇಳಿಸಿದ ವಿಸ್ಕಿ; ಕೆಲವು ವರ್ಷ ಓಕ್ ಪೀಪಾಯಿಯಲ್ಲಿಟ್ಟು, ಕೊನೆಯ ಕೆಲವು ತಿಂಗಳು ಉಮೆ ಎಂಬ ಹುಳಿ ಹಣ್ಣಿನ ಮದ್ಯ ತುಂಬಿದ್ದ ಹಳೆಯ ಪೀಪಾಯಿಗೆ ಬದಲಿಸಿದ್ದು. ಈ ಸಲ ಮಾವ ಅವಸರ ಮಾಡಲಿಲ್ಲ. ಮೂಸಿದರು, ಗುಟುಕರಿಸಿದರು, ಕಣ್ಣು ಮುಚ್ಚಿದರು.

"ಮೆಣಸಿನ ಸಾರು ಕುಡಿದಂಗಾಯ್ತು ಮೊದಲು. ಖಾರ ಇಳಿದ ಮೇಲೆ ಏನೋ ಹುಳಿ, ಸಿಹಿ... ನೆಲ್ಲಿಕಾಯಿ ತಿಂದು ನೀರು ಕುಡೀತೀವಲ್ಲ, ಹಂಗೆ."

ಶ್ರೀಕಂಠ ಅದನ್ನು ಜಪಾನಿಯಲ್ಲಿ ಹೇಳಿದ್ದು ಕೇಳಿ ಇಡೀ ಮೇಜು 'ಹೋ' ಎಂದು ತಲೆದೂಗಿತು. ಎದುರಿಗಿದ್ದ ಮುದುಕ ಚಪ್ಪಾಳೆ ತಟ್ಟಿದ. ಚಂದ್ರಕಾಂತರು ಎಲ್ಲರಿಗೂ ಕೈಮುಗಿದರು. ಆಮೇಲೆ ಮುಖದ ಮೇಲಿನ ನಗುವನ್ನು ಹಾಗೇ ಇಟ್ಟುಕೊಂಡು, ಗ್ಲಾಸನ್ನೇ ನೋಡುತ್ತ ಮಾತು ಶುರುಮಾಡಿದರು.

"ಶ್ರೀಕಂಠ, ನಮ್ಮ ಚಿಕ್ಕವಳು ಸಿಂಧೂರಂಗೆ ಮದುವೆ ಗೊತ್ತಾಗಿದೆ. ಮೇ ತಿಂಗಳಲ್ಲಿ."

"ಹೌದಾ? ಒಳ್ಳೇದಾಯ್ತು ಮಾವ."

"ಹುಡುಗ ಬಂಗಾರದಂಥವನು. ಅವನ ತಾಯಿ ವೇದವಲ್ಲಿ ಅಂತ, ಅವರದ್ದೇ ಸ್ವಲ್ಪ ಬಿಗಿ. ನಿಶ್ಚಿತಾರ್ಥಕ್ಕೆ ದೊಡ್ಡಳಿಯ ಯಾಕೆ ಬರ್ಲಿಲ್ಲ ಅಂತ ಎರಡು ಸಲ ಕೇಳಿದ್ರು. ಜಪಾನಿನಲ್ಲಿ ರಜ ಸಿಗಲ್ಲ ಅಂದೆ."

ಶ್ರೀಕಂಠ ತನ್ನ ಗ್ಲಾಸನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ.

"ನೀವಿಬ್ರೂ ನಿರ್ಧಾರ ಮಾಡಿದೀರ, ನಾನು ಅಡ್ಡ ಬರಲ್ಲ. ಆದ್ರೆ ಜನವರಿ ಬೇಡ. ಮೇನಲ್ಲಿ ಬನ್ನಿ. ಲಾಸ್ಯಾ ಪಕ್ಕದಲ್ಲಿ ಮಂಟಪದಲ್ಲಿ ನಿಂತ್ಕೊಳ್ಳಿ. ಅಷ್ಟೇ."

"ಆಮೇಲೆ?"

"ಆಮೇಲೂ ಸ್ವಲ್ಪ ದಿನ ಬೇಕಾಗುತ್ತಲ್ಲ. ಮದುವೆಯಾದ ತಕ್ಷಣ ಈ ಸುದ್ದಿ ಹೋದ್ರೆ ಆ ಮನೇಲಿ ಸಿಂಧೂರ ಹೆಂಗಿರ್ತಾಳೆ? ಒಂದು ವರ್ಷ. ಹಬ್ಬ ಹುಣ್ಣಿಮೆಗೆ ಒಂದೆರಡು ಸಲ ಬಂದು ಹೋಗಿ. ಅವಳಿಗೊಂದು ಮಗು ಗಿಗು ಆಗೋವರೆಗೂ ಅಂತ ಇಟ್ಕೊಳ್ಳಿ."

ಮೊರಿತಾ-ಸಾನ್ ಮುಂದಕ್ಕೆ ಬಾಗಿ ಕಾಯುತ್ತಿದ್ದಳು. ಎಲ್ಲರೂ ಕಾಯುತ್ತಿದ್ದರು. ಮಾವನವರು ಇನ್ನೂ ಏನು ಹೇಳುತ್ತಿದ್ದಾರೆ ಎಂದು ಅವಳು ಕೇಳಿದಳು.

"ನುಂಗಿದ ಮೇಲೂ ಬಹಳ ಹೊತ್ತು ಉಳಿಯುತ್ತದಂತೆ," ಎಂದು ಶ್ರೀಕಂಠ ಜಪಾನಿಯಲ್ಲಿ ಹೇಳಿದ.

ಮತ್ತೆ ಎಲ್ಲರೂ ತಲೆದೂಗಿದರು. ಇಲ್ಲಿ ಮಾವ ಅಳುವ ಹಾಗಿಲ್ಲ, ಬೈಯುವ ಹಾಗಿಲ್ಲ ಎಂದು ಲೆಕ್ಕ ಹಾಕಿದ್ದವನಿಗೆ, ಇಲ್ಲಿ ತಾನು ಎದ್ದು ಹೊರಗೆ ಹೋಗುವ ಹಾಗೂ ಇಲ್ಲ ಎಂಬುದು ಹೊಳೆದಿರಲಿಲ್ಲ.

"ಲಾಸ್ಯಾ ಏನಂದ್ಲು?" ಎಂದು ಕೇಳಿದ.

"ಅವರು ಒಪ್ಪಿದ್ರೆ ನಂದೇನೂ ಇಲ್ಲಪ್ಪ ಅಂದ್ಲು. ಈಗ ಎಲ್ಲ ನಿಮ್ಮ ಕೈಲಿದೆ." ಮಾವ ಗ್ಲಾಸನ್ನು ಮೇಜಿನ ಮೇಲಿಟ್ಟರು. ನಗು ಮಾತ್ರ ಕದಲಿರಲಿಲ್ಲ. "ಯಾರ ಹತ್ರಾನೂ ಹಿಂಗೆ ಕೇಳಿದವನಲ್ಲ ನಾನು."

ಶ್ರೀಕಂಠ ತನ್ನ ಗ್ಲಾಸಿನಲ್ಲಿದ್ದುದನ್ನು ಒಂದೇ ಸಲ ನುಂಗಿದ. ಖಾರ ಗಂಟಲಲ್ಲಿ ಇಳಿಯುತ್ತಿರುವಾಗಲೇ, "ಆಗ್ಲಿ ಮಾವ," ಎಂದ.

ಚಂದ್ರಕಾಂತರು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಣ್ಣಲ್ಲಿ ನೀರು ತುಂಬಿತು. ತಮ್ಮ ವಿಸ್ಕಿ ಒಬ್ಬ ಹಿರಿಯರ ಕಣ್ಣಲ್ಲಿ ನೀರು ತರಿಸಿತೆಂದುಕೊಂಡು ಮೊರಿತಾ-ಸಾನ್ ಎದೆಯ ಮೇಲೆ ಕೈಯಿಟ್ಟು, "ಅರಿಗಾತೋ ಗೊಜಾಯಿಮಾಸು," ಎಂದು ಧನ್ಯವಾದ ಹೇಳಿ ಸೊಂಟ ಬಗ್ಗಿಸಿದಳು.

ಹೊರಗೆ ಬಿಸಿಲಿತ್ತು, ಬಿಸಿಯಿರಲಿಲ್ಲ. ಮಾವ ಭಟ್ಟಿಯ ಅಂಗಡಿಯೊಳಗೆ ಉಳಿದರು. ಶ್ರೀಕಂಠ ಬಸ್ ನಿಲ್ದಾಣದ ಬಳಿ ನಿಂತು ಲಾಸ್ಯಾಗೆ ಫೋನ್ ಮಾಡಿದ. ಅವಳು ಕಲಿಸುವ ಶಾಲೆಯ ಸ್ಟಾಫ್ ರೂಮಿನ ಗದ್ದಲ ಮೊದಲು ಕೇಳಿಸಿತು, ಆಮೇಲೆ ಅವಳು.

"ಅಪ್ಪ ಕೇಳಿದ್ರಾ?"

"ಕೇಳಿದ್ರು."

"ಏನಂದೆ?"

"ಆಗ್ಲಿ ಅಂದೆ."

ಗದ್ದಲ ದೂರವಾಯಿತು. ಅವಳು ಎಲ್ಲೋ ಹೊರಗೆ ಬಂದಿರಬೇಕು.

"ಶ್ರೀ, ನೀನು ಆಗಲ್ಲ ಅಂತೀಯ ಅಂತ ನಂಬ್ಕೊಂಡಿದ್ದೆ. ಅದಕ್ಕೇ ನಿನ್ನ ಮೇಲೆ ಹಾಕಿ ಕಳಿಸಿದ್ದು. ನಂಗೆ ಅಪ್ಪನ ಮುಖ ನೋಡ್ಕೊಂಡು ಇಲ್ಲ ಅನ್ನಕ್ಕಾಗ್ಲಿಲ್ಲ."

"ನಂಗೂ ಆಗ್ಲಿಲ್ಲ."

"ನೀನು ಇಷ್ಟು ದೂರ ಇದೀಯ. ನಿಂಗೇನಾಗಿತ್ತು?"

"ಪಕ್ಕದಲ್ಲೇ ಕೂತಿದ್ರು ಲಾಸ್ಯಾ. ನೀನು ಮೊದಲೇ ಒಂದು ಮೆಸೇಜ್ ಹಾಕ್ಬಾರ್ದಿತ್ತಾ?"

"ನೀನು ಒಂದು ನಿಮಿಷ ಟೈಮ್ ಕೇಳ್ಬಾರ್ದಿತ್ತಾ?" ಅವಳ ದನಿ ಒಡೆಯಿತು. "ಒಂದೂವರೆ ವರ್ಷ ಅಂದ್ರೆ ಸುಮ್ನೇನಾ? ನಾನೊಂದು ಮನೆ ನೋಡಿದ್ದೆ ಕಣೋ. ಒಬ್ಳೇ ಇರಕ್ಕೆ. ಈಗ್ಲೇ ಹೋಗಿ ಹೇಳು, ಆಗಲ್ಲ ಅಂತ."

ಶ್ರೀಕಂಠ ಗಾಜಿನ ಬಾಗಿಲಿನತ್ತ ನೋಡಿದ. ಮಾವ ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಆಡಿಸುತ್ತ ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ಅವನು ಬೆಳಗಿನಿಂದ ನೋಡಿರಲಿಲ್ಲ.

"ನಿಮ್ಮಮ್ಮಂಗೆ ಫೋನ್ ಮಾಡ್ತಿದಾರೆ," ಎಂದ.

ಆ ಕಡೆ ಶಾಲೆಯ ಗಂಟೆ ಹೊಡೆಯಿತು. "ಕ್ಲಾಸಿದೆ," ಎಂದು ಫೋನಿಟ್ಟಳು.

ಬಸ್ಸು ಬಂದು ನಿಂತಿತು. ಮೇಜಿನ ಸುತ್ತ ಕೂತಿದ್ದವರೆಲ್ಲ ಸಾಲಾಗಿ ಹತ್ತಿದರು. ಚಂದ್ರಕಾಂತರು ಅವಸರದಿಂದ ಬಂದರು. ಎಡಗಾಲಿನ ಶೂ ಲೇಸು ಬಿಚ್ಚಿ ನೆಲದ ಮೇಲೆ ಎಳೆಯುತ್ತಿತ್ತು. ಕಂಬ ಹಿಡಿದು ಬಗ್ಗಲು ನೋಡಿದರು. ಮಂಡಿ ಮಡಚಲಾಗಲಿಲ್ಲ.

"ಇರಿ ಮಾವ, ಮುಗ್ಗರಿಸ್ತೀರ," ಎಂದು ಶ್ರೀಕಂಠ ಅವರ ಮುಂದೆ ಮಂಡಿಯೂರಿದ.

"ಅಯ್ಯೋ ಬೇಡ, ನೀವು ಅಳಿಯಂದ್ರು, ಕಾಲು ಮುಟ್ಟಬಾರ್ದು..." ಎನ್ನುತ್ತಲೇ ಅವರು ಆಸರೆಗೆ ಅವನ ಹೆಗಲ ಮೇಲೆ ಕೈಯೂರಿದರು. ಡ್ರೈವರ್ ಬಾಗಿಲು ತೆರೆದೇ ಕಾಯುತ್ತಿದ್ದ. ಚಪ್ಪಾಳೆ ತಟ್ಟಿದ್ದ ಮುದುಕನ ಹೆಂಡತಿ ಬಸ್ಸಿನ ಕಿಟಕಿಯಿಂದ ಅವರಿಬ್ಬರನ್ನೂ ನೋಡಿ, ಎಂಥ ಒಳ್ಳೆಯ ಮಗ ಎಂದು ಗಂಡನಿಗೆ ಹೇಳಿದ್ದು ಶ್ರೀಕಂಠನಿಗೆ ಕೇಳಿಸಿತು. ಚಳಿಗೆ ಮರಗಟ್ಟಿದ ಬೆರಳುಗಳಿಂದ ಲೇಸು ಜಾರಿತು. ಹೆಗಲ ಮೇಲಿನ ಭಾರ ಹಾಗೇ ಇತ್ತು. ಅವನು ಎರಡೂ ತುದಿಗಳನ್ನು ಸಮ ಮಾಡಿಕೊಂಡು ಮೊದಲಿನಿಂದ ಕಟ್ಟತೊಡಗಿದ.