ಅಕ್ಕನ ದನಿಗೆ ಕಟ್ಟಿದ ತಂತಿ

ಮೋಟರ್ ವೈಂಡಿಂಗ್ ಅಂಗಡಿಯವನಿಗೆ ತನ್ನ ಕೈಗೆಲಸದ ಬಗ್ಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಅವನು ಸುತ್ತಿಕೊಟ್ಟ ಮೋಟರ್ ಸುಟ್ಟು ವಾಪಸು ಬಂದರೆ ತಪ್ಪು ಕರೆಂಟಿನದು, ಇಲ್ಲವೇ ಗಿರಾಕಿಯದು. ಅವನದಂತೂ ಅಲ್ಲವೇ ಅಲ್ಲ. ಅಂಥವನು ಆ ದಿನ ಗಿರಾಕಿಗಳನ್ನೆಲ್ಲ "ನಾಳೆ ಬನ್ನಿ" ಎಂದು ಸಾಗಹಾಕಿ ತಾರಸಿಯ ಮೇಲೆ ಬೆವರು ಸುರಿಸುತ್ತಿದ್ದ.

ಕಾರಣ ಅವನ ಅಕ್ಕ. ಅವಳಿಗೆ ಚಿಕ್ಕಂದಿನಿಂದ ಉಗ್ಗು. ಅಂಗಡಿಯಲ್ಲಿ ಅವಳು ಸಕ್ಕರೆ ಎನ್ನುವಷ್ಟರಲ್ಲಿ ಹಿಂದೆ ನಿಂತವರು ಸಾಮಾನು ಕಟ್ಟಿಸಿಕೊಂಡು ಮನೆ ಸೇರಿರುತ್ತಿದ್ದರು. ಯಾರಾದರೂ ಅಣಕಿಸಿದರೆ ತಮ್ಮನಾದ ಇವನು ಕಲ್ಲು ಹಿಡಿದು ಓಡುತ್ತಿದ್ದ. ಆ ಅಕ್ಕ ಹಟಕ್ಕೆ ಬಿದ್ದು, ಕನ್ನಡಿ ಮುಂದೆ ಓದಿ ಓದಿ ನಾಲಿಗೆ ಪಳಗಿಸಿ, ದೂರದ ದೇಶವೊಂದರ ರೇಡಿಯೊದಲ್ಲಿ ಕನ್ನಡ ವಾರ್ತೆ ಓದುವ ಕೆಲಸ ಗಿಟ್ಟಿಸಿದ್ದಳು. ಇವತ್ತು ಸಂಜೆ ಮೊದಲ ಓದು. ಅದು ಶಾರ್ಟ್‌ವೇವ್‌ನಲ್ಲಿ ಬಿಟ್ಟು ಬೇರೆಲ್ಲೂ ಕೇಳಿಸದು.

"ನೀನು ಕೇಳ್ತಿದೀಯ ಅಂತ ಗೊತ್ತಿದ್ರೆ ನಂಗೆ ಧೈರ್ಯ ಕಣೋ" ಎಂದಿದ್ದಳು ಫೋನಿನಲ್ಲಿ.

ಅದಕ್ಕೆಂದೇ ಅವನು ತಾರಸಿಯ ಮೇಲೆ ಏರಿಯಲ್ ಕಟ್ಟುತ್ತಿದ್ದ, ರೇಡಿಯೊ ಮಾತ್ರ ಬರೀ ಕರಕರ ಎನ್ನುತ್ತಿತ್ತು. ಹೆಂಡತಿ ಮೇಲೆ ಹತ್ತಿ ಬಂದು ನೋಡಿದಳು. ಕೋಲಿನ ತುದಿಯಲ್ಲಿ ತಾಮ್ರದ ತಂತಿ ಸುತ್ತಿನ ಪಕ್ಕ ಸುತ್ತು ಅಂಟಿಕೊಂಡು, ಮೋಟರಿನೊಳಗೆ ಇರುವಂತೆಯೇ ಅಚ್ಚುಕಟ್ಟಾಗಿ ಕೂತಿತ್ತು.

"ಇದೇನ್ರೀ, ಇದನ್ನೂ ಸುತ್ತಿಬಿಟ್ರಾ!"

"ಇಷ್ಟುದ್ದ ತಂತಿ ಜೋಲಾಡ್ತಾ ಇದ್ರೆ ನೋಡೋಕೆ ಚೆನ್ನಾಗಿರತ್ತಾ?"

"ರೇಡಿಯೊ ಡಬ್ಬದ ಮೇಲೆ ಚಿತ್ರ ಇದೆ, ನೋಡಿ. ಬಟ್ಟೆ ಒಣಗಿಸೋ ಹಗ್ಗದ ಥರ ಎಳೆದು ಕಟ್ಟಿದಾರೆ. ಚೆನ್ನಾಗಿ ಕಾಣ್ಬೇಕಾ, ಕೇಳಿಸ್ಬೇಕಾ?"

ಹುಟ್ಟುಗುಣ ಸುಟ್ಟರೂ ಹೋಗದು. ತಂತಿ ಕಂಡರೆ ಸುತ್ತುವುದೇ ಆ ಬೆರಳುಗಳ ಚಾಳಿ. ಗೊಣಗುತ್ತಲೇ ಬಿಚ್ಚಿದ. ಈಚೆಗಷ್ಟೇ ಎದುರಿಗೆ ಅಂಗಡಿ ಹಾಕಿದ್ದ ದರ್ಜಿ ತಮಾಷೆ ನೋಡಲು ಬಂದವನು ಕೋಟಿನ ದಪ್ಪ ಗುಂಡಿ ಎರಡು ಕೊಟ್ಟ. ಗುಂಡಿಯ ಒಂದು ತೂತಿಗೆ ತಂತಿ, ಇನ್ನೊಂದಕ್ಕೆ ನೈಲಾನ್ ದಾರ. ತಂತಿ ಗೋಡೆಗೂ ಕಬ್ಬಿಣಕ್ಕೂ ತಾಗದಂತೆ ನೀರಿನ ಟ್ಯಾಂಕಿನಿಂದ ಮೆಟ್ಟಿಲಕೋಣೆಯವರೆಗೆ ಬಿಗಿಯಾಗಿ ಎಳೆದು ಕಟ್ಟಿದರು. ಉಳಿದ ತುದಿಯನ್ನು ಕಿಟಕಿಯೊಳಗೆ ಇಳಿಸಿ, ತಂತಿಗೆ ಬಳಿದಿದ್ದ ವಾರ್ನಿಷ್ ಬ್ಲೇಡಿನಿಂದ ಕೆರೆದು, ರೇಡಿಯೊದ ಏರಿಯಲ್ ಕಡ್ಡಿಗೆ ಸಿಕ್ಕಿಸಿದ. ಕರಕರ ಸರಿದು, ಯಾವುದೋ ದೇಶದ ಪಿಟೀಲು ಸ್ಪಷ್ಟವಾಗಿ ಕೇಳಿತು. ದರ್ಜಿ ಅಲ್ಲೇ ಗಟ್ಟಿಯಾಗಿ ಕೂತುಬಿಟ್ಟ.

ಸಂಜೆ ರೇಡಿಯೊದಲ್ಲಿ ಅಕ್ಕ ಬಂದಳು. ಪಕ್ಕದ ಕೋಣೆಯಿಂದ ಮಾತಾಡುತ್ತಿದ್ದಾಳೇನೋ ಎನ್ನುವಷ್ಟು ಹತ್ತಿರ. ಮೊದಲ ಸುದ್ದಿ ಸಲೀಸಾಗಿ ದಾಟಿತು, ಎರಡನೆಯದೂ. ಅವನ ಎದೆ ಉಬ್ಬಿತು.

"ಒಪ್ಪಂದಕ್ಕೆ ಎರಡೂ ದೇಶಗಳ..." ಎಂದಳು, ನಿಂತಳು.

ಅವನಿಗೆ ಗೊತ್ತಾಯಿತು, ಮುಂದಿನದು 'ಪ'ಕಾರದ ಮಾತು. ಅಕ್ಕನ ಹಳೆಯ ಶತ್ರು. ಅವನ ಸ್ವಂತ ತುಟಿಗಳೇ ಒಂದಕ್ಕೊಂದು ಅಂಟಿಕೊಂಡವು. ಹೇಳೇ ಅಕ್ಕಾ, ಹೇಳೇ ಎಂದು ಒಳಗೊಳಗೇ ಗೋಗರೆದ. ಹೆಂಡತಿ ಅವನ ತೋಳು ಹಿಡಿದುಕೊಂಡಳು.

"...ಪ್ರತಿನಿಧಿಗಳು ಸಹಿ ಹಾಕಿದರು."

ಆಮೇಲೆ ಅವಳು ಎಲ್ಲೂ ನಿಲ್ಲಲಿಲ್ಲ. ವಾರ್ತೆ ಮುಗಿದಾಗ ಇವನ ಕಣ್ಣು ತುಂಬಿ ಬಂದಿತ್ತು.

ಓದಿದ್ದು ಯಾರೆಂದು ಅರಿಯದ ದರ್ಜಿ ಎದ್ದು ಮೈ ಮುರಿದ. "ಎಲ್ಲಾ ಚೆನ್ನಾಗಿತ್ತು, ನಡುವೆ ಒಂದ್ಸಲ ಕೈಕೊಡ್ತು ನೋಡಿ. ಏನಾಯ್ತು, ಓದೋರು ತಡವರಿಸಿದ್ರಾ? ಇಲ್ಲಾ ನಿಮ್ಮ ತಂತೀದೇ ತೊಂದ್ರೇನಾ?"

ಹೆಂಡತಿ ಗಂಡನ ಮುಖ ನೋಡಿದಳು.

"ತಂತೀದೇ ಕಣಪ್ಪ" ಎಂದ ವೈಂಡಿಂಗ್ ಅಂಗಡಿಯವನು. "ನಾನು ಸರಿಯಾಗಿ ಕಟ್ಟಿಲ್ಲ. ತಪ್ಪು ನಂದೇ."