ನೀರು ತಯಾರಾಗುತ್ತಿದೆ

ಅತ್ತಿಗೆ ರಬ್ಬರ್ ಪೈಪಿನ ಒಂದು ತುದಿಯನ್ನು ಗಾಜಿನ ತೊಟ್ಟಿಯೊಳಗೆ ಇಳಿಬಿಟ್ಟು, ಇನ್ನೊಂದನ್ನು ಬಾಯಲ್ಲಿಟ್ಟು ಜೋರಾಗಿ ಎಳೆದರು. ನೀರು ಸೀದಾ ಬಾಯಿಗೇ ಬಂತು. ಥೂ ಥೂ ಎಂದು ಉಗಿದು, ಮುಂಗೈಯಿಂದ ಬಾಯಿ ಒರೆಸಿಕೊಂಡು, ಪೈಪನ್ನು ಬಕೆಟ್ಟಿಗೆ ಬಿಟ್ಟರು.

“ಮೀನಿಲ್ಲ, ಮತ್ತೊಂದಿಲ್ಲ. ಬರೀ ಪಾಚಿ ನೀರು. ಇದಕ್ಕೊಂದು ಮೇಜು, ಒಂದು ದೀಪ ಬೇರೆ!”

ಇನ್ನು ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಿಂದ ವ್ಯಾನು ಬರುವುದಿತ್ತು. ತಮ್ಮನ ದೇಹವನ್ನು ನಡುಮನೆಯಲ್ಲಿ ಮಲಗಿಸಬೇಕು, ಬಂದವರು ಕೂರಬೇಕು, ಜಾಗ ಬೇಕು. ಮಗಳು ಬಾಡಿಗೆ ಕುರ್ಚಿಗಳನ್ನು ಎಳೆದು ಜೋಡಿಸುತ್ತಿದ್ದಳು. ಅವಳ ತಾಯಿ ಮಾತ್ರ ಅಡುಗೆಮನೆಯ ಬಾಗಿಲಿಗೆ ಒರಗಿ, ಗಂಡನ ತೊಟ್ಟಿಯ ನೀರು ಬಕೆಟ್ಟಿಗೆ ಬೀಳುವುದನ್ನೇ ನೋಡುತ್ತಿದ್ದರು.

ಬಕೆಟ್ಟು ತುಂಬಿತು. ಅತ್ತಿಗೆ ಅದನ್ನು ಬಚ್ಚಲಿಗೆ ಚೆಲ್ಲಿ ಬಂದು ಮತ್ತೆ ಇಟ್ಟರು. ತೊಟ್ಟಿಯ ನೀರು ಅರ್ಧಕ್ಕಿಳಿದು, ಉದ್ದನೆಯ ಎಲೆಗಳು ಮಡಚಿಕೊಂಡು ಮಲಗಿದವು.

“ಸಾಕು, ಬಿಡಿ ಅತ್ತಿಗೆ.”

“ಏನು?”

“ಇಲ್ಲೇ ಇರ್ಲಿ ಅದು.”

“ಯಾಕೇ?”

ಯಾಕೆ ಎಂದು ಆಕೆಗೂ ಗೊತ್ತಿರಲಿಲ್ಲ. ಎರಡು ದಿನದಿಂದ ತಲೆ ಮೊಸರುಗಡಿಗೆಯಾಗಿತ್ತು. ಅತ್ತಿಗೆ ಒಂದು ಗಳಿಗೆ ಆಕೆಯ ಮುಖವನ್ನೇ ನೋಡಿ, ಪೈಪು ಎತ್ತಿಟ್ಟು, “ನಿನ್ನಿಷ್ಟ ತಾಯಿ” ಎಂದು ಪೊರಕೆ ಹುಡುಕಿಕೊಂಡು ಹೋದರು.

“ಏನಾದ್ರೂ ತಿಂದ್ಯೇನೇ?” ಎಂದು ಆಕೆ ಮಗಳನ್ನು ಕೇಳಿದರು.

“ಬ್ರೆಡ್ ತಿಂದೆ ಅಮ್ಮಾ.”

*

ಕೆಲಸದಿಂದ ನಿವೃತ್ತರಾದ ಮೇಲೆ ಗಂಡನಿಗೆ ಹತ್ತಿದ ಹುಚ್ಚು ಅದು. ಹುಚ್ಚು ಎಂಬ ಮಾತನ್ನು ಆಕೆ ಮೊದಮೊದಲು ನಗುನಗುತ್ತಲೇ ಆಡುತ್ತಿದ್ದರು. ಗುಜರಿಯಿಂದ ತಂದ ತೊಟ್ಟಿ. ಮೂಲೆಯ ಬಿರುಕಿಗೆ ಅಂಟು ಮೆತ್ತಿದ್ದರು. ತಳಕ್ಕೆ ಹೂಕುಂಡದ ಮಣ್ಣು. ಅದರ ಮೇಲೆ ಹಾಕಲು ಮನೆ ಕಟ್ಟುವವರಿಂದ ಬೇಡಿ ತಂದ ಮರಳನ್ನು, ಆಕೆಯದೇ ಜರಡಿಯಲ್ಲಿ, ಅಕ್ಕಿ ತೊಳೆದ ಹಾಗೆ ತಿಳಿನೀರು ಬರುವವರೆಗೂ ತೊಳೆದರು. ಮಗಳ ಹಳೆಯ ಓದುವ ದೀಪವನ್ನು ಮೇಲೆ ಬಗ್ಗಿಸಿ ಕಟ್ಟಿದರು. ಎಲ್ಲಿಂದಲೋ ಒದ್ದೆ ಕಾಗದದಲ್ಲಿ ಸುತ್ತಿ ತಂದ ಗಿಡದ ತುಂಡುಗಳನ್ನು ಚಿಮಟದಲ್ಲಿ ಹಿಡಿದು ಒಂದೊಂದಾಗಿ ನೆಟ್ಟರು. ಮನುಷ್ಯ ಸುಮ್ಮನೆ ಕೂತು ಮಂಕಾಗುವುದಕ್ಕಿಂತ ಇದು ವಾಸಿ ಎಂದು ಆಕೆಗೂ ಖುಷಿಯಾಗಿತ್ತು.

ಆಮೇಲೆ ಒಂದು ಬೆಳಿಗ್ಗೆ ಅವರು ಡಬ್ಬಿಯಿಂದ ಒಂದು ಚಿಟಿಕೆ ಮೀನಿನ ಆಹಾರ ತೆಗೆದು, ಮೀನೇ ಇಲ್ಲದ ನೀರಿಗೆ ಉದುರಿಸಿದರು.

“ರೀ, ಯಾರಿಗೆ ಹಾಕ್ತಿದೀರ?”

“ನೀರಿಗೆ.”

“ನೀರಿಗೆ ಹಸಿವಾಗತ್ತಾ?”

“ತಯಾರಾಗ್ತಿದೆ ಕಣೇ,” ಎಂದು ನಕ್ಕರು. ಮೊದಲಿನಿಂದಲೂ ಅವರ ಮಾತು ಅಷ್ಟೇ. ಸಾರು ತಯಾರಾಗುವುದುಂಟು, ನೀರು ತಯಾರಾಗುವುದು ಎಲ್ಲಾದರೂ ಉಂಟೇ?

ಆ ದಿನದಿಂದ ಆಕೆ ಅವರ ಮೇಲೆ ಒಂದು ಕಣ್ಣಿಟ್ಟರು. ದಿನಾ ಬೆಳಿಗ್ಗೆ ಒಂದು ಚಿಟಿಕೆ. ನೀರು ಕೆಟ್ಟು ಬೆಳ್ಳಗಾಯಿತು, ಎಲೆಗಳು ಕೊಳೆತವು. ಅವರು ಮೂಗು ಹತ್ತಿರ ಹಿಡಿದು ಮೂಸಿ, ಪರೀಕ್ಷೆ ಪಾಸಾದವರಂತೆ ಬೀಗಿದರು. ಒಳ್ಳೆಯ ಕಾಲುಚೀಲ ಕತ್ತರಿಸಿ ಯಾವುದೋ ಕೊಳವೆಯ ಬಾಯಿಗೆ ತೊಡಿಸಿದರು. ಒಮ್ಮೆಯಂತೂ ಅಡುಗೆಮನೆಯ ಸ್ಟೀಲು ತಟ್ಟೆಯನ್ನು ತೊಟ್ಟಿಯ ತಳದಲ್ಲಿಟ್ಟು ಅದರ ಮೇಲೆ ಚೊಂಬಿನಿಂದ ನಿಧಾನವಾಗಿ ನೀರು ಬಡಿಸುತ್ತಿದ್ದರು. ಕೊನೆಗೆ ಒಂದು ಸಂಜೆ ಬಟಾಣಿ ಬಿಡಿಸುತ್ತ ಕೂತಿದ್ದವರು, “ನಿನ್ನ ಊಟ ಆಯ್ತಾ?” ಎಂದರು. ಆಯ್ತು ಎಂದರು ಆಕೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೆ.

ಆಕೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಿಗೆಗೆ ಫೋನು ಮಾಡಿದರು. ಅತ್ತಿಗೆ ಅವರಿವರನ್ನು ವಿಚಾರಿಸಿ, ತಲೆಯ ಡಾಕ್ಟರ ಬಳಿ ಸೋಮವಾರಕ್ಕೆ ಸಮಯ ಗೊತ್ತುಮಾಡಿದರು. ಅದಕ್ಕೆ ಮೊದಲೇ, ಶುಕ್ರವಾರ, ಹಾಲಿನಂಗಡಿಗೆ ಹೋದ ಗಂಡ ಅಲ್ಲೇ ಕುಸಿದು ಬಿದ್ದರು. ಹೃದಯ ನಿಂತಿತು ಎಂದರು ಆಸ್ಪತ್ರೆಯವರು. ತಲೆಯ ಮಾತನ್ನು ಯಾರೂ ಎತ್ತಲಿಲ್ಲ.

ಕೊನೆಯ ಮೂರು ತಿಂಗಳು ತಾನು ಬಾಳಿದ್ದು ತನ್ನ ಗಂಡನ ಜೊತೆಯೋ, ಬುದ್ಧಿ ಕಳೆದುಕೊಳ್ಳುತ್ತಿದ್ದ ಇನ್ಯಾರದೋ ಜೊತೆಯೋ? ಈಗ ಹೇಳುವವರು ಯಾರು? ಯಾರಿಗಾಗಿ ಅಳಬೇಕೆಂದು ತಿಳಿಯದೆ ಆಕೆ ಇನ್ನೂ ಅತ್ತೇ ಇರಲಿಲ್ಲ.

*

ನಡುಮನೆ ತುಂಬಿತ್ತು. ಅವರು ನಡುವೆ ಮಲಗಿದ್ದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಬಂದವರ ಕಣ್ಣು ಒಮ್ಮೆ ಅವರ ಮೇಲೆ, ಒಮ್ಮೆ ಅರ್ಧ ನೀರಿನ ತೊಟ್ಟಿಯ ಮೇಲೆ ಹೋಗಿ ಬರುತ್ತಿತ್ತು.

“ಮೀನೆಲ್ಲ ಸತ್ತೋದ್ವಾ?” ಪಕ್ಕದ ಮನೆಯವರು ಪಿಸುಗುಟ್ಟಿದರು.

“ಇದ್ರೆ ತಾನೇ ಸಾಯಕ್ಕೆ?” ಎಂದರು ಅತ್ತಿಗೆ. “ನನ್ನ ತಮ್ಮನಿಗೆ ಈಚೆಗೆ ತಲೆ ಸರಿ ಇರ್ಲಿಲ್ಲ. ಪೂರ್ತಿ ಕೆಡೋ ಮುಂಚೆ ಹೋದ, ಪುಣ್ಯವಂತ.” ಹೇಳುತ್ತ ಹೇಳುತ್ತ ಬಗ್ಗಿ ತಮ್ಮನ ಅಂಗಿಯ ಕಾಲರು ಸರಿಪಡಿಸಿದರು.

ಮೂವತ್ತು ವರ್ಷ ಅವರೊಂದಿಗೆ ಲಿಫ್ಟ್ ರಿಪೇರಿ ಮಾಡಿದ್ದ ಗೆಳೆಯ ಗೋಡೆಗೊರಗಿ ನಿಂತಿದ್ದ. ಉಗುರಿನ ಸಂದಿಯ ಜಿಡ್ಡು ಎಂದೂ ಹೋಗದ ಆತನನ್ನು ಮಗಳು ಚಿಕ್ಕಂದಿನಿಂದ ಗ್ರೀಸ್ ಮಾಮ ಎಂದೇ ಕರೆಯುತ್ತಿದ್ದಳು.

“ಜೀವಮಾನ ಪೂರ್ತಿ ಬೇರೆಯವರನ್ನ ಮೇಲಕ್ಕೆ ಕಳಿಸ್ದ,” ಎಂದ ಗ್ರೀಸ್ ಮಾಮ. “ಈಗ ನಮ್ಗೊಂದು ಮಾತೂ ಹೇಳ್ದೆ ತಾನೇ ಹತ್ತಿ ಹೋದ.” ಯಾರೋ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದರು. “ತಲೆ ಕೆಟ್ಟಿತ್ತು ಅಂತೀರಲ್ಲ ಅಕ್ಕಾ, ಹಾಗಾದ್ರೆ ಅವನಿಗೆ ಮೊದಲಿಂದ್ಲೂ ಕೆಟ್ಟಿತ್ತು ಬಿಡಿ. ರಿಪೇರಿ ಆದ ಲಿಫ್ಟಿಗೆ ತಕ್ಷಣ ಜನ ಹತ್ತಿಸ್ತಿದ್ನಾ? ಸಾಧ್ಯವೇ ಇಲ್ಲ. ಮರಳಿನ ಚೀಲ ತುಂಬಿ, ಇಡೀ ದಿನ ಮೇಲೆ ಕೆಳಗೆ ಓಡಿಸ್ತಿದ್ದ. ಮನುಷ್ಯರಿಲ್ದೆ! ಮೆಟ್ಲು ಹತ್ತಿ ಸುಸ್ತಾದೋರೆಲ್ಲ ಬೈದಿದ್ದೇ ಬೈದಿದ್ದು.”

ಆಕೆ ತಲೆಯೆತ್ತಿ ಆತನನ್ನು ನೋಡಿದರು. ಏನೋ ಹೊಳೆದಂತಾಯಿತು, ಆದರೆ ಪೂರ್ತಿ ಹೊಳೆಯಲಿಲ್ಲ. ಮಗಳ ಕೈ ಹಿಡಿದು, “ಏನಾದ್ರೂ ತಿಂದ್ಯಾ?” ಎಂದರು. ಮಗಳು ತಲೆಯಾಡಿಸಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಉಬ್ಬಿದ ಪ್ಲಾಸ್ಟಿಕ್ ಚೀಲ, ಅದರ ತುಂಬ ನೀರು, ನೀರಿನಲ್ಲಿ ಉಗುರಿನಷ್ಟೇ ಗಾತ್ರದ ಕೆಂಪು ಮೀನುಗಳು. ನಗುತ್ತ ಬಂದವಳು ಕುರ್ಚಿಗಳನ್ನು ನೋಡಿದಳು, ಮಲಗಿದ್ದವರನ್ನು ನೋಡಿದಳು. ಮುಖ ಸಣ್ಣದಾಯಿತು.

“ಭಾನುವಾರ ತಂದುಕೊಡು ಅಂದಿದ್ರು ಸಾರ್... ನಂಗೆ ಗೊತ್ತೇ ಇರ್ಲಿಲ್ಲ...”

“ಯಾರಮ್ಮಾ ನೀನು?” ಅತ್ತಿಗೆಯ ದನಿ ಗಡುಸಾಗಿತ್ತು.

“ಹಲ್ಲಿನ ಆಸ್ಪತ್ರೇಲಿ ಚೀಟಿ ಕೊಡ್ತೀನಿ. ಅಲ್ಲೊಂದು ಮೀನಿನ ತೊಟ್ಟಿ ಇದೆ, ನಾನೇ ನೋಡ್ಕೊಳ್ಳೋದು. ಸಾರ್ ಹಲ್ಲು ಕೀಳಿಸ್ಕೊಳ್ಳಕ್ಕೆ ಬಂದು ಅದರ ಮುಂದೇನೇ ಕೂತುಬಿಡೋರು. ನಾನು ಕತ್ತರಿಸಿ ಬಿಸಾಕೋ ಗಿಡಾನೆಲ್ಲ ಒಯ್ಯೋರು.”

ಆಕೆ ಎದ್ದು ಬಂದರು. ಕೇಳಲೇಬೇಕಿತ್ತು, ಕೇಳಲು ಹೆದರಿಕೆಯೂ ಆಗುತ್ತಿತ್ತು.

“ಮೀನಿಲ್ದೆ ಇದ್ರೂ ದಿನಾ ಊಟ ಹಾಕೋರು.”

“ಹಾಕ್ಬೇಕಲ್ಲ ಆಂಟಿ. ಮೀನಿನ ಕೊಳೆ ತಿನ್ನೋ ಸಣ್ಣ ಜೀವ ಇರ್ತವೆ, ಕಣ್ಣಿಗೆ ಕಾಣಲ್ಲ. ಮೊದಲು ಅವು ಹುಟ್ಟಿ ಬೆಳೀಬೇಕು. ಇಲ್ದಿದ್ರೆ ಬಿಟ್ಟ ಮೀನು ವಾರದಲ್ಲಿ ಸಾಯತ್ತೆ. ಒಂದೇ ಒಂದು ಮೀನೂ ಸಾಯಬಾರದು ಅಂತಿದ್ರು ಸಾರ್. ಅದಕ್ಕೇ ಇಷ್ಟು ದಿನ ಕಾದ್ರು.”

“ಮತ್ತೆ... ತಟ್ಟೆ? ಒಳಗೆ ತಟ್ಟೆ ಇಟ್ಟು ನೀರು ಹಾಕೋರು.”

“ಮರಳು ಕದಡಬಾರದು ಅಂತ. ಕೊಳವೆಗೆ ಕಾಲುಚೀಲ ಹಾಕೋದೂ ಕೊಳೆ ಸೋಸಕ್ಕೇ.” ಅವಳು ತೊಟ್ಟಿಯ ಕಡೆ ನೋಡಿದಳು. “ನೀರು ಅರ್ಧ ತೆಗೆದಿದೀರಲ್ಲ, ಸರಿಯಾಗೇ ಮಾಡಿದೀರ. ಮೀನು ಬಿಡೋ ಮುಂಚೆ ಬದಲಾಯಿಸ್ಬೇಕು. ಹಿಡಿದಿಟ್ಟ ನೀರು ಇದೆಯಾ?”

ಅತ್ತಿಗೆ ಬೆರಗಾಗಿ ತಮ್ಮ ಕೈಗಳನ್ನೇ ನೋಡಿಕೊಂಡರು.

ನೀರು ಇತ್ತು. ಹಿತ್ತಿಲ ಬಾಗಿಲಲ್ಲಿ, ಬರುವವರಿಗೂ ಹೋಗುವವರಿಗೂ ಅಡ್ಡವಾಗುವಂತೆ, ಆಕೆ ದಿನಾ ಬೈದರೂ ಜಾಗ ಬಿಟ್ಟು ಕದಲದ ಬಕೆಟ್ಟು. ಗ್ರೀಸ್ ಮಾಮ ಅದನ್ನು ಎತ್ತಿ ತಂದ. ಆಕೆ ಅಡುಗೆಮನೆಯಿಂದ ಅದೇ ತಟ್ಟೆ ತಂದು, ತೋಳು ಮುಳುಗಿಸಿ ಮರಳಿನ ಮೇಲೆ ಇಟ್ಟರು. ಚೊಂಬಿನಿಂದ ಸಣ್ಣಗೆ ಹೊಯ್ದರು. ಮಲಗಿದ್ದ ಎಲೆಗಳು ನೀರಿನ ಜೊತೆ ಒಂದೊಂದೇ ಎದ್ದವು. ಚೀಲವನ್ನು ಹಾಗೇ ಮೇಲೆ ತೇಲಿಬಿಟ್ಟರು.

ವ್ಯಾನಿನ ಚಾಲಕ ಒಳಗೆ ಇಣುಕಿದ. “ಹೊರಡೋಣ್ವಾ?”

“ನೀರಿಗೆ ಹೊಂದಿಕೊಳ್ಳೋವರೆಗೂ ಮೀನು ಬಿಡಬಾರದಂತೆ,” ಎಂದರು ಆಕೆ. “ಸ್ವಲ್ಪ ತಡೀರಿ. ಅವರಿಗೇನೂ ಅವಸರ ಇಲ್ಲ.”

ಹಾಗೆಂದವರಿಗೆ ತಟ್ಟನೆ ಅಳು ಬಂತು. ಎರಡು ದಿನ ತಡೆದಿದ್ದೆಲ್ಲ ಬಂತು. ತುಂಬಿದ ಮನೆ ಕಾದು ನಿಂತಿತು.

*

ಎಲ್ಲ ಮುಗಿಸಿ ಬಂದಾಗ ಸಂಜೆ. ಅತ್ತಿಗೆ ಒಳಗೆ ಮಲಗಿದ್ದರು. ತಾಯಿ ಮಗಳು ದೀಪದ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಮೀನುಗಳೆಲ್ಲ ಗಿಡದ ಹಿಂದೆ ಸೇರಿಕೊಂಡಿದ್ದವು.

ಆದರೂ ಒಂದು ಪ್ರಶ್ನೆ ಉಳಿದೇ ಇತ್ತು. ತಟ್ಟೆ ಸರಿ, ಕಾಲುಚೀಲ ಸರಿ, ಚಿಟಿಕೆಯೂ ಸರಿ. ಆ ಬಟಾಣಿಯ ಸಂಜೆ? ಅದನ್ನು ಆ ಹೆಂಗಸನ್ನು ಕೇಳುವಂತಿರಲಿಲ್ಲ. ಆಕೆ ನೀರನ್ನೇ ನೋಡುತ್ತ ಕೂತರು.

“ಏನಾದ್ರೂ ತಿಂದ್ಯೇನೇ?”

ಮಗಳು ಮೆಲ್ಲನೆ ಈ ಕಡೆ ತಿರುಗಿದಳು. “ಅಮ್ಮಾ, ಬೆಳಿಗ್ಗೆಯಿಂದ ಇದನ್ನೇ ಕೇಳ್ತಿದೀಯ.”

ಮಗಳ ಕಣ್ಣಲ್ಲಿದ್ದ ಆ ಹೆದರಿಕೆ ಆಕೆಗೆ ಚೆನ್ನಾಗಿ ಪರಿಚಯವಿತ್ತು. ಆಕೆ ಮಗಳ ಬೆನ್ನ ಮೇಲೆ ಕೈಯಿಟ್ಟರು.

ತಟ್ಟೆ ತೆಗೆಯುವುದು ಮರೆತೇ ಹೋಗಿತ್ತು. ಒಂದು ಮೀನು ಗಿಡದ ಮರೆಯಿಂದ ಹೊರಬಂದು, ಅತ್ತಿತ್ತ ನೋಡಿ, ತಟ್ಟೆಯ ನಡುವೆ ಇಳಿದು ನಿಂತಿತು.